ಕಿಡ್ನಿ ಕಲ್ಲಿಗೆ ಕಾರಣ ಬೋರ್ ನೀರೋ, ಕುಡಿಯದ ನೀರೋ?

ಬೇಸಿಗೆ ಬಂತೆಂದರೆ ಕಿಡ್ನಿ ಕಲ್ಲಿನ ಫಾರ್ವರ್ಡ್‌ಗಳೂ ಬಂದವೆಂದೇ ಲೆಕ್ಕ. ‘ಟೊಮೆಟೊ ಬೀಜ ತಿನ್ನಬೇಡಿ’, ‘ಹಾಲು ಬಿಡಿ’, ‘ಬಿಯರ್ ಕುಡಿದರೆ ಕಲ್ಲು ಕರಗುತ್ತದೆ’, ‘ಬೋರ್ ನೀರೇ ಹೊಟ್ಟೆಯಲ್ಲಿ ಕಲ್ಲಾಗುತ್ತದೆ’. ಸವದತ್ತಿ ತಾಲ್ಲೂಕಿನ ಚಚಡಿಯಂಥ ಊರುಗಳಲ್ಲಿ ಈ ಕೊನೆಯ ಮಾತನ್ನು ನಂಬುವುದು ಸುಲಭ. ಗಡಸು ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದನ್ನು ಎಲ್ಲರೂ ನೋಡಿದ್ದೇವೆ.

ಆದರೆ ಕಿಡ್ನಿಯ ಲೆಕ್ಕವೇ ಬೇರೆ. ಪಾತ್ರೆಯ ಪೊರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಕಿಡ್ನಿ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್. ನೀರು ಇಂಗಿದ ಪಾಕದಲ್ಲಿ ಸಕ್ಕರೆ ಹರಳುಗಟ್ಟುವಂತೆ, ಮೂತ್ರ ದಟ್ಟವಾದಾಗ ಅದರಲ್ಲಿನ ಲವಣಗಳು ಹರಳುಗಟ್ಟುತ್ತವೆ. ಗಡಸು ನೀರಿನಿಂದಲೇ ಕಲ್ಲಾಗುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಬೋರ್ ನೀರಿನಲ್ಲಿ ಫ್ಲೋರೈಡ್ ಇದೆಯೇ ಎಂದು ಪರೀಕ್ಷೆ ಮಾಡಿಸಬೇಕಾದದ್ದು ಬೇರೆ ಮಾತು. ಕಲ್ಲಿನ ಭಯಕ್ಕೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದರೆ ಮಾತ್ರ ಕಲ್ಲಿಗೆ ನಾವೇ ದಾರಿ ಬಿಟ್ಟಂತೆ.

ನೀರಿನ ಪರವಾಗಿ ಒಳ್ಳೆಯ ಸಾಕ್ಷಿ ಇದೆ. ಇಟಲಿಯ ಪಾರ್ಮಾದ ವೈದ್ಯರು ಮೊದಲ ಸಲ ಕಲ್ಲಾಗಿದ್ದ 199 ಜನರನ್ನು ಎರಡು ಗುಂಪು ಮಾಡಿ 5 ವರ್ಷ ಗಮನಿಸಿ, 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚು ನೀರು ಕುಡಿದವರಲ್ಲಿ ಸುಮಾರು ನೂರಕ್ಕೆ 12 ಜನರಿಗೆ ಮತ್ತೆ ಕಲ್ಲಾಯಿತು, ಉಳಿದವರಲ್ಲಿ ನೂರಕ್ಕೆ 27 ಜನರಿಗೆ. ಅದೇ ಊರಿನ ಇನ್ನೊಂದು ಅಧ್ಯಯನ 2002ರಲ್ಲಿ ಹಾಲಿನ ಭಯವನ್ನೂ ಬಿಡಿಸಿತು: ಕ್ಯಾಲ್ಸಿಯಂ ಕಡಿಮೆ ಮಾಡಿದವರಿಗಿಂತ, ಸಾಕಷ್ಟು ಕ್ಯಾಲ್ಸಿಯಂ ತಿಂದು ಉಪ್ಪು, ಮಾಂಸ ಕಡಿಮೆ ಮಾಡಿದವರಿಗೆ ಕಲ್ಲು ಕಡಿಮೆ. ಊಟದಲ್ಲಿನ ಕ್ಯಾಲ್ಸಿಯಂ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದು ಮಲದ ಜತೆ ಹೊರಗೆ ಹಾಕುತ್ತದೆ. ಟೊಮೆಟೊ ಬೀಜ ಕಿಡ್ನಿಗೆ ಹೋಗುವುದೇ ಇಲ್ಲ. ಬಿಯರ್ ಮೂತ್ರ ಹೆಚ್ಚಿಸುತ್ತದೆ, ಕಲ್ಲು ಕರಗಿಸುವುದಿಲ್ಲ.

ಎಷ್ಟು ಕುಡಿಯಬೇಕು? ಒಮ್ಮೆ ಕಲ್ಲಾದವರಿಗೆ ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗಬೇಕು ಎನ್ನುತ್ತಾರೆ ವೈದ್ಯರು. ಅಳೆಯುತ್ತ ಕೂರುವವರು ಯಾರು? ಮೂತ್ರದ ಬಣ್ಣ ನೋಡಿ: ತಿಳಿಹಳದಿ ಇದ್ದರೆ ಸರಿ, ಗಾಢವಾಗಿದ್ದರೆ ನೀರು ಸಾಲದು. ಏಪ್ರಿಲ್ ಬಿಸಿಲಿನಲ್ಲಿ ಹೊಲದಲ್ಲಿ ದುಡಿಯುವವರಿಗೆ ಬೆವರಿನಲ್ಲೇ ಗಂಟೆಗೆ ಲೀಟರ್‌ವರೆಗೂ ಹೋಗಬಹುದು. ನೆರಳಲ್ಲಿ ಕುಳಿತವರ ಲೆಕ್ಕ ಅವರಿಗೆ ಹೊಂದುವುದಿಲ್ಲ. ಒಂದೇ ಸಲ ಎರಡು ಲೀಟರ್ ಸುರಿದುಕೊಳ್ಳುವುದೂ ಬೇಡ, ದಿನವಿಡೀ ಹಂಚಿ ಕುಡಿಯಿರಿ.

ಇಷ್ಟು ಹೇಳುವುದು ಸುಲಭ. ಜೋಳ, ಕಡಲೆ ಕಿತ್ತ ಮೇಲೆ ಎರೆಹೊಲ ಕಣ್ಣು ಹಾಯುವಷ್ಟು ದೂರ ಬಯಲು. ಕೂಲಿಗೆ ಹೋದ ಹೆಣ್ಣುಮಕ್ಕಳಿಗೆ ಮರೆ ಎಲ್ಲಿ? ಮೂತ್ರಕ್ಕೆ ಹೋಗಬೇಕಾದೀತೆಂದು ಎಷ್ಟೋ ಜನ ನೀರನ್ನೇ ಮುಟ್ಟುವುದಿಲ್ಲ. ಶೌಚಾಲಯಕ್ಕೆ ಬಾಗಿಲಿಲ್ಲದ ಶಾಲೆಯ ಹುಡುಗಿಯರದೂ ಅದೇ ಕಥೆ. ‘ನೀರು ಕುಡಿಯಿರಿ’ ಎಂಬ ಫಾರ್ವರ್ಡ್ ಇವರಿಗೆ ಕಳಿಸಿ ಏನು ಪ್ರಯೋಜನ? ಅದು ಹೊಲದ ಮಾಲೀಕರಿಗೆ, ಪಂಚಾಯಿತಿ ಸದಸ್ಯರಿಗೆ ಹೋಗಬೇಕು.

ಇನ್ನೊಂದು ಎಚ್ಚರಿಕೆ. ಹೃದಯ ದುರ್ಬಲವಾದವರು, ಡಯಾಲಿಸಿಸ್‌ನಲ್ಲಿರುವವರು ವೈದ್ಯರು ಹೇಳಿದಷ್ಟೇ ನೀರು ಕುಡಿಯಬೇಕು. ಪಕ್ಕೆ ನೋವಿನ ಜತೆ ಚಳಿಜ್ವರ ಬಂದರೆ, ಮೂತ್ರ ನಿಂತರೆ, ನೀರು ಕುಡಿದು ಕಾಯಬೇಡಿ. ಅಂದೇ ಆಸ್ಪತ್ರೆಗೆ ಹೋಗಿ.