ಟ್ರೇಲರ್ ಬಿಚ್ಚುವ ಕೈ ಕಾರಿಗೆ ಅಂಜುವುದೇಕೆ?

ರೋಣ, ನರಗುಂದ, ಗಜೇಂದ್ರಗಡದ ಕಡೆ ಸುಗ್ಗಿಗೆ ಮುಂಚೆ ಟ್ರ್ಯಾಕ್ಟರಿನ ಟ್ರೇಲರನ್ನು ಅಂಗಳದಲ್ಲೇ ಎತ್ತಿ ನಿಲ್ಲಿಸಿ, ಗಾಲಿ ಕಳಚಿ, ಬೇರಿಂಗುಗಳನ್ನು ಡೀಸೆಲ್‌ನಲ್ಲಿ ತೊಳೆದು, ಹೊಸ ಗ್ರೀಸ್ ತುಂಬಿ ಕೂಡಿಸುವುದು ಎಷ್ಟೋ ರೈತರಿಗೆ ರೂಢಿಯ ಕೆಲಸ. ಮನೆಯ ಹುಡುಗರೇ ಅದನ್ನು ಮಾಡಿ ಮುಗಿಸುತ್ತಾರೆ. ಆದರೆ ಅದೇ ಅಂಗಳದಲ್ಲಿ ನಿಂತ ಕಾರಿನ ಹಿಂದಿನ ಗಾಲಿ ‘ಗುಂಯ್’ ಅನ್ನತೊಡಗಿತೋ, ಕಾರು ಹುಬ್ಬಳ್ಳಿಯ ಹಾದಿ ಹಿಡಿಯುತ್ತದೆ. ಟ್ರೇಲರಿನ ಗಾಲಿಯೊಳಗೆ ಇರುವುದೂ ಬೇರಿಂಗೇ, ಕಾರಿನ ಗಾಲಿಯೊಳಗೆ ಇರುವುದೂ ಬೇರಿಂಗೇ. ಕೈಯೂ ಅದೇ, ಪಾನಾಗಳೂ ಹೆಚ್ಚುಕಡಿಮೆ ಅವೇ. ಹಾಗಾದರೆ ಈ ಅಂಜಿಕೆ ಎಲ್ಲಿಂದ ಬಂತು? ಅದರಲ್ಲಿ ವಿವೇಕ ಎಷ್ಟು, ಬೇರೆಯವರು ನಮ್ಮ ತಲೆಗೆ ತುಂಬಿದ್ದು ಎಷ್ಟು?

ಎತ್ತಿನ ಬಂಡಿಯ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಗಾಲಿ ಮಾಡುವವನು ಬಡಿಗ, ಅದಕ್ಕೆ ಕಬ್ಬಿಣದ ಹಳಿ ಕೂಡಿಸುವವನು ಕಮ್ಮಾರ. ಆದರೆ ಔಡಲೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಅಚ್ಚಿಗೆ ಕೀಲೆಣ್ಣೆ ಹಾಕುವುದು ಬಂಡಿಯವನದೇ ಕೆಲಸ. ಗಾಲಿ ಯಾವಾಗ ಕಿರುಗುಡುತ್ತದೆ, ಯಾಕೆ ಕಿರುಗುಡುತ್ತದೆ ಎಂಬುದು ಅವನಿಗೆ ಗೊತ್ತಿರಲೇಬೇಕಿತ್ತು. ಬೇರಿಂಗು ಕೂಡ ಬಂಡಿಯಿಂದಲೇ ಬಂದದ್ದು. ವೇಲ್ಸಿನ ಫಿಲಿಪ್ ವಾನ್ 1794ರಲ್ಲಿ ಗುಂಡುಗಳ ಬೇರಿಂಗಿಗೆ ಪೇಟೆಂಟ್ ಪಡೆದದ್ದು ಸಾರೋಟಿನ ಅಚ್ಚಿಗಾಗಿ. 1898ರಲ್ಲಿ ಮೊನಚು ರೋಲರುಗಳ ಬೇರಿಂಗಿಗೆ ಪೇಟೆಂಟ್ ಪಡೆದ ಅಮೆರಿಕದ ಹೆನ್ರಿ ಟಿಮ್ಕೆನ್ ಕೂಡ ಸಾರೋಟು ಕಟ್ಟುವವನೇ. ತಿರುವಿನಲ್ಲಿ ಗಾಲಿಯ ಮೇಲೆ ಅಡ್ಡಡ್ಡ ಬೀಳುವ ಭಾರವನ್ನು ತಡೆಯುವುದು ಹೇಗೆಂಬುದು ಅವನ ಚಿಂತೆಯಾಗಿತ್ತು. ಇಂದು ಟ್ರೇಲರುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಅದೇ ಜಾತಿಯ ಬೇರಿಂಗು. ಇನ್ನು 1907ರಲ್ಲಿ ಎಸ್‌ಕೆಎಫ್ ಎಂಬ ಬೇರಿಂಗು ಕಂಪನಿ ಹುಟ್ಟಿದ ಕಥೆಯನ್ನಂತೂ ಎರೆನೆಲದ ನಮ್ಮ ಜನ ಕೇಳಲೇಬೇಕು. ಸ್ವೀಡನ್ನಿನ ಗೋಥೆನ್‌ಬರ್ಗಿನ ಬಟ್ಟೆ ಗಿರಣಿಯೊಂದು ಜೇಡಿ ನೆಲದ ಮೇಲೆ ನಿಂತಿತ್ತು. ನೆಲ ಅಲುಗಿದಂತೆಲ್ಲ ಯಂತ್ರದ ಅಚ್ಚುಗಳು ಸೊಟ್ಟಗಾಗಿ ಬೇರಿಂಗುಗಳು ಹಾಳಾಗುತ್ತಿದ್ದವು. ಆ ಗಿರಣಿಯ ಎಂಜಿನಿಯರ್ ಸ್ವೆನ್ ವಿಂಗ್‌ಕ್ವಿಸ್ಟ್ ಸೊಟ್ಟಗಾದ ಅಚ್ಚಿಗೂ ತಾನಾಗಿಯೇ ಹೊಂದಿಕೊಳ್ಳುವ ಬೇರಿಂಗನ್ನು ರೂಪಿಸಿದ.

ನಮ್ಮ ಸೀಮೆಯಲ್ಲಿ ಹಿಂದಿನ ಗಾಲಿಯ ಬೇರಿಂಗು ಸೋಲಲು ಕಾರಣಗಳು ಕಣ್ಣೆದುರಿಗೇ ಇವೆ. ಐದು ಜನರ ಕಾರಿನಲ್ಲಿ ಏಳು ಜನ, ಡಿಕ್ಕಿಯಲ್ಲಿ ಕಡಲೆಯದೋ ಮೆಣಸಿನಕಾಯಿಯದೋ ಚೀಲ. ಆ ಭಾರದ ಹೆಚ್ಚಿನ ಪಾಲು ಬೀಳುವುದು ಹಿಂದಿನ ಗಾಲಿಗಳ ಮೇಲೆ. ಬೇಸಿಗೆಯಲ್ಲಿ ಎರೆಯ ಸಣ್ಣ ದೂಳು, ಮಳೆಗಾಲದಲ್ಲಿ ಅಂಟು ಕೆಸರು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲ್ಲೂಕಿನ ಕೊಣ್ಣೂರು ಜಲಾವೃತವಾದದ್ದನ್ನು ಇಲ್ಲಿಯವರು ಮರೆತಿಲ್ಲ. ಅಂಥ ಮಹಾಪೂರವೇ ಬೇಕೆಂದಿಲ್ಲ, ಬೆಣ್ಣೆಹಳ್ಳದ ಕಡೆಯ ಮುಳುಗು ಸೇತುವೆಯೊಂದನ್ನು ದಾಟಿದರೂ ಸಾಕು. ಓಡಿ ಕಾದ ಗಾಲಿ ತಣ್ಣೀರಿಗಿಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಸೀಲಿನ ಸಂದಿನಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಆಮೇಲೆ ಗ್ರೀಸ್ ಕೆಡುತ್ತದೆ, ಗುಂಡುಗಳಿಗೆ ತುಕ್ಕು ಹತ್ತುತ್ತದೆ. ಕೆಸರು ತೊಳೆಯಲೆಂದು ಸರ್ವಿಸಿಂಗಿಗೆ ಬಿಟ್ಟಾಗ ಪಂಪಿನ ನೀರನ್ನು ಗಾಲಿಯ ನಡುವಿಗೇ ಹಿಡಿಯುವವರೂ ಈ ಪಾಪದಲ್ಲಿ ಪಾಲುದಾರರು.

ನನ್ನ ಮಟ್ಟಿಗೆ, ಮನೆಯಲ್ಲೇ ಆಗಬೇಕಾದ ಕೆಲಸಗಳಲ್ಲಿ ಮೊದಲನೆಯದು ಬೇರಿಂಗು ಕೂಡಿಸುವುದಲ್ಲ, ಅದು ಕೆಟ್ಟಿದೆಯೇ ಎಂದು ತಿಳಿಯುವುದು. ಇದಕ್ಕೆ ದುಡ್ಡೂ ಬೇಡ, ಪದವಿಯೂ ಬೇಡ. ಸದ್ದು ವೇಗದೊಂದಿಗೆ ಏರುತ್ತದೆಯೇ? ಕ್ಲಚ್ ತುಳಿದರೂ ಬದಲಾಗದೆ ಉಳಿಯುತ್ತದೆಯೇ? ಹಾಗಿದ್ದರೆ ಅದು ಎಂಜಿನ್ನಿನದಲ್ಲ. ರಸ್ತೆ ಬದಲಾದೊಡನೆ ಸದ್ದೂ ಬದಲಾದರೆ ಟೈರಿನ ಮೇಲೆ ಸಂಶಯ ಪಡಬೇಕು. ಕಾರನ್ನು ಬಲಕ್ಕೆ ತಿರುಗಿಸಿದಾಗ ಭಾರ ಎಡಗಡೆಗೆ ವಾಲುತ್ತದೆ. ಆಗ ಗುಂಯ್‌ಗುಡುವುದು ಹೆಚ್ಚಾದರೆ ಸಾಮಾನ್ಯವಾಗಿ ತಪ್ಪು ಎಡಗಾಲಿಯದು. ಬಳಿಕ ಗಾಲಿಯನ್ನು ಎತ್ತಿ, ಮೇಲೆ ಒಂದು ಕೈ ಕೆಳಗೆ ಒಂದು ಕೈ ಹಿಡಿದು ಅಲುಗಾಡಿಸಿದರೆ ಸಡಿಲು ತಿಳಿಯುತ್ತದೆ. ಒಂದು ಕೈಯನ್ನು ಸಸ್ಪೆನ್ಷನ್ ಸ್ಪ್ರಿಂಗಿನ ಮೇಲಿಟ್ಟು ಇನ್ನೊಂದರಿಂದ ಗಾಲಿ ತಿರುವಿದರೆ, ಸವೆದ ಬೇರಿಂಗಿನ ಗರಗರ ಬೆರಳಿಗೇ ಹತ್ತುತ್ತದೆ. “ಗಾಲಿ ಗುಂಯ್ ಅಂತೈತ್ರಿ, ನೋಡ್ರಿ” ಎಂದಷ್ಟೇ ಹೇಳಿ ಕಾರು ಬಿಟ್ಟುಬರುವವನ ಬಿಲ್ಲಿಗೂ, “ಹಿಂದಿನ ಎಡಗಾಲಿ ಬೇರಿಂಗ್ ಹೋಗೈತಿ, ಅಷ್ಟ ಹಾಕ್ರಿ” ಎನ್ನುವವನ ಬಿಲ್ಲಿಗೂ ಅಂತರ ಇದ್ದೇ ಇರುತ್ತದೆ.

ಇನ್ನು ಬಿಚ್ಚುವ ಮಾತು. ಅಂಜಿಕೆಗೆ ಇಲ್ಲಿ ಕಾರಣವಿದೆ. ಎರೆನೆಲದ ಮೇಲೆ ಜ್ಯಾಕ್ ಏರಿಸಿದರೆ ಅದು ಹೂತುಹೋಗುತ್ತದೆ. ಕಾಂಕ್ರೀಟು ಅಥವಾ ಗಟ್ಟಿ ಹಾಸುಗಲ್ಲು ಬೇಕು. ಹಿಂದಿನ ಗಾಲಿಯ ಬ್ರೇಕ್ ಡ್ರಮ್ ಕಳಚಲು ಹ್ಯಾಂಡ್‌ಬ್ರೇಕ್ ಬಿಡಲೇಬೇಕಾದ್ದರಿಂದ ಮುಂದಿನ ಗಾಲಿಗಳಿಗೆ ಎರಡೂ ಕಡೆ ಅಡ್ಡಗಲ್ಲು ಕೊಡಬೇಕು. ಮುಂದಿನ ಗಾಲಿಗಳಿಂದ ಓಡುವ ಕಾರಾದರೆ ಒಂದನೇ ಗೇರಿಗೂ ಹಾಕಬೇಕು. ಎತ್ತಿದ ಕಾರು ಸ್ಟ್ಯಾಂಡಿನ ಮೇಲೆ ಕೂತಿರಬೇಕು. ನಮ್ಮ ಕಡೆ ಇಟ್ಟಂಗಿ ಪೇರಿಸುವ ಚಟ ಒಂದಿದೆ. ಇಟ್ಟಂಗಿ ಒಡೆಯುವ ಮುಂಚೆ ಸೂಚನೆ ಕೊಡುವುದಿಲ್ಲ. ಡ್ರಮ್ ಹೊರಗಿದ್ದಾಗ ಮಕ್ಕಳು ಬ್ರೇಕ್ ತುಳಿಯದಂತೆ ಕಾಯಬೇಕು, ತುಳಿದರೆ ವ್ಹೀಲ್ ಸಿಲಿಂಡರಿನ ಪಿಸ್ಟನ್‌ಗಳು ಹೊರಗೆ ಬರುತ್ತವೆ. ಲೈನರಿಗೆ ಗ್ರೀಸ್ ತಾಗಿದರೆ ಮುಂದಿನ ತಿರುವಿನಲ್ಲಿ ಬ್ರೇಕ್ ಹಿಡಿಯಲಿಕ್ಕಿಲ್ಲ.

ಎಷ್ಟು ಕೆಲಸ ನಮ್ಮ ಕೈಗೆ ನಿಲುಕುತ್ತದೆ ಎಂಬುದನ್ನು ನಮ್ಮ ಧೈರ್ಯಕ್ಕಿಂತ ಹೆಚ್ಚಾಗಿ ಕಾರು ತಯಾರಿಸಿದವನೇ ತೀರ್ಮಾನಿಸಿರುತ್ತಾನೆ. ಟ್ರೇಲರಿನಂತೆ ಎರಡು ಮೊನಚು ರೋಲರ್ ಬೇರಿಂಗುಗಳಿದ್ದರೆ ತೊಳೆದು, ನೋಡಿ, ಬೇಕಿದ್ದರೆ ಬದಲಿಸಿ, ಗಾಲಿ ತಿರುಗಿಸುತ್ತಲೇ ನಟ್ಟು ಬಿಗಿದು, ಕೈಪಿಡಿ ಹೇಳಿದಷ್ಟು ಸಡಿಲಿಸಿ, ಹೊಸ ಸ್ಪ್ಲಿಟ್ ಪಿನ್ ಹಾಕಿದರೆ ಮುಗಿಯಿತು. ಡ್ರಮ್ಮಿನೊಳಗೆ ಒತ್ತಿ ಕೂಡಿಸಿದ ಸೀಲ್ಡ್ ಬೇರಿಂಗಾದರೆ ಪ್ರೆಸ್ ಬೇಕು. ಹತೋಡಿಯಿಂದ ಒಳಗಿನ ಬಳೆಯ ಮೇಲೆ ಬಡಿದು ಕೂಡಿಸಿದರೆ ಏಟೆಲ್ಲ ಗುಂಡುಗಳ ಮೂಲಕ ಸಾಗಿ, ಅವು ಓಡುವ ಹಾದಿಯಲ್ಲಿ ಕಣ್ಣಿಗೆ ಕಾಣದಷ್ಟು ಗುಳಿಗಳು ಬೀಳುತ್ತವೆ. ಹೊಸ ಬೇರಿಂಗು ಕೆಲವೇ ತಿಂಗಳಲ್ಲಿ ಹಳೆಯ ಹಾಡನ್ನೇ ಹಾಡುತ್ತದೆ. ನಾಲ್ಕು ಬೋಲ್ಟುಗಳ ಇಡೀ ಹಬ್ಬನ್ನೇ ಬದಲಿಸುವ ಬಗೆಯೂ ಇದೆ. ಕೆಲಸ ಸುಲಭ, ಬೆಲೆ ದುಬಾರಿ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾದ ಮೇಲೆ ಇನ್ನೊಂದು ಸೂಕ್ಷ್ಮ ಸೇರಿಕೊಂಡಿತು. ಹಲವು ಬೇರಿಂಗುಗಳ ಒಂದು ಬದಿಯ ಸೀಲಿನಲ್ಲೇ ಸೆನ್ಸರಿಗೆ ಬೇಕಾದ ಅಯಸ್ಕಾಂತದ ಬಳೆ ಅಡಗಿರುತ್ತದೆ. ತಿರುಗುಮುರುಗಾಗಿ ಕೂಡಿಸಿದರೆ ಗಾಲಿ ತಿರುಗುತ್ತದೆ, ಎಬಿಎಸ್ ಮಾತ್ರ ಸುಮ್ಮನಾಗುತ್ತದೆ.

ಹಾಗಾದರೆ ಗ್ಯಾರೇಜಿಗೇ ಶರಣಾಗಬೇಕೇ? ಮನೆ ಇಲ್ಲವೇ ಗ್ಯಾರೇಜು ಎಂಬ ಎರಡೇ ಹಾದಿ ದೊಡ್ಡ ಶಹರದವರ ಲೆಕ್ಕ. ನಮ್ಮ ತಾಲ್ಲೂಕು ಊರುಗಳಲ್ಲಿ ಮೂರನೆಯದೊಂದಿದೆ. ಡ್ರಮ್ಮನ್ನು ಮನೆಯಲ್ಲಿ ಬಿಚ್ಚಿ, ಬೈಕಿನ ಮೇಲೆ ಹಾಕಿಕೊಂಡು ಲೇಥ್ ಅಂಗಡಿಗೆ ಒಯ್ದು, ಪ್ರೆಸ್ಸಿನಲ್ಲಿ ಹಳೆಯದನ್ನು ತೆಗೆಸಿ ಹೊಸದನ್ನು ಕೂಡಿಸಿಕೊಂಡು ಬರುವುದು. ರೈತರು ಪಂಪಿನ ಶಾಫ್ಟನ್ನೂ ಬಿತ್ತನೆ ಯಂತ್ರದ ಗಾಲಿಯನ್ನೂ ಹೀಗೇ ಒಯ್ಯುತ್ತಾರೆ. ತಾವೇ ಮಾಡಿಕೊಂಡರೆ ಮೆಕ್ಯಾನಿಕ್‌ನ ಹೊಟ್ಟೆಯ ಮೇಲೆ ಹೊಡೆದಂತೆ ಎನ್ನುವವರಿಗೂ ಇದೇ ಉತ್ತರ. ಬಿಚ್ಚಲು ಬಲ್ಲ ಗಿರಾಕಿಯಿಂದ ಒಳ್ಳೆಯ ಮಿಸ್ತ್ರಿಗೆ ನಷ್ಟವಿಲ್ಲ, ನಷ್ಟವಿರುವುದು ಕೆಡದ ಭಾಗವನ್ನೂ ಬದಲಿಸಿ ಬಿಲ್ ಮಾಡುವವನಿಗೆ.

ಹೇರಿದ ಅಂಜಿಕೆಯೂ ಇದೆ. ಬಿಡಿಭಾಗಗಳನ್ನೂ ರಿಪೇರಿಯ ಮಾಹಿತಿಯನ್ನೂ ಮುಕ್ತ ಮಾರುಕಟ್ಟೆಗೆ ಬಿಡದೆ ಅಧಿಕೃತ ಡೀಲರುಗಳಲ್ಲೇ ಕಟ್ಟಿಹಾಕಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮಿಕ್ಕಿ ದಂಡ ವಿಧಿಸಿತು. ಆದೇಶ ಮೇಲ್ಮನವಿಗಳ ಹಾದಿ ಹಿಡಿಯಿತಾದರೂ, ಹೊರಗಿನ ಮೆಕ್ಯಾನಿಕ್ ದಡ್ಡನೆಂಬ ನಂಬಿಕೆಗೆ ಅವನ ಕೈಗೆ ಮಾಹಿತಿ ಕೊಡದಿರುವುದೂ ಕಾರಣವೆಂದು ಅದರಿಂದ ಹೊರಬಿತ್ತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿಯ ಹಕ್ಕಿ’ಗಾಗಿ ಸಮಿತಿ ಮಾಡಿ, ಜಾಲತಾಣವನ್ನೂ ತೆರೆಯಿತು. ಕೃಷಿ ಸಲಕರಣೆ, ಮೊಬೈಲಿನ ಜೊತೆ ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಆದರೆ ನಟ್ಟನ್ನು ಎಷ್ಟು ಬಿಗಿಯಬೇಕೆಂಬ ಅಂಕಿ ಕನ್ನಡದಲ್ಲಿ ಛಾಪಿಸಿ ಲೇಥ್ ಅಂಗಡಿಯ ಗೋಡೆಗೆ ಬರುವವರೆಗೆ ಆ ಹಕ್ಕು ಕಾಗದದ ಮೇಲಿನದೇ.

ಮೊನಚು ರೋಲರಿನ ಹಳೆಯ ಬಗೆಯಾದರೆ ಮನೆಯಲ್ಲೇ ಮಾಡಿ. ಒತ್ತಿ ಕೂಡಿಸುವುದಾದರೆ ಡ್ರಮ್ ಒಯ್ದು ಪ್ರೆಸ್ಸಿಗೆ ಕೊಡಿ. ನಟ್ಟು ಬಿಗಿಯಲು ಟಾರ್ಕ್ ಪಾನಾ ಇಲ್ಲದಿದ್ದರೆ ಆ ಒಂದು ಕೆಲಸವನ್ನಾದರೂ ಇರುವವರಿಂದ ಮಾಡಿಸಿ. ಇದಾವುದೂ ಬೇಡ, ಗ್ಯಾರೇಜಿಗೇ ಬಿಡುತ್ತೇನೆ ಎನ್ನುವವರು ಹಳೆಯ ಬೇರಿಂಗನ್ನು ಕೇಳಿ ಪಡೆಯದೆ ಬಿಲ್ಲಿನ ಹಣ ಕೊಡಬೇಡಿ. ಅದನ್ನು ಕೈಯಲ್ಲಿ ತಿರುಗಿಸಿ ನೋಡಿ. ಗರಗರ ಎಂದರೆ ಕೊಟ್ಟ ಹಣ ಸರಿ, ನುಣ್ಣಗೆ ತಿರುಗಿದರೆ ಗ್ಯಾರೇಜಿನವರನ್ನು ಅಲ್ಲೇ ಕೇಳಿ.