ಗಟ್ಟಿ ತೋಳು ನಮಗ್ಯಾಕೆ ಬೇಡ?

‘ಈ ವಯಸ್ಸಲ್ಲಿ ನಂಗ್ಯಾಕ್ರೀ ಜಿಮ್ಮು ಗಿಮ್ಮು? ಮಕ್ಕಳ ಮದುವೆ ಮಾಡಿ, ಮೊಮ್ಮಕ್ಕಳನ್ನ ಆಡಿಸಿದ್ರೆ ಸಾಕು.’ ನಲವತ್ತೈದು ದಾಟಿದ ನಮ್ಮ ಹೆಂಗಸರ ಬಾಯಲ್ಲಿ ಈ ಮಾತು ಮಾಮೂಲು. ನೀವೂ ಒಂದಲ್ಲ ಒಂದು ದಿನ ಆಡಿರ್ತೀರಿ. ಹಾಗಿದ್ರೆ ಅಮೆರಿಕದ ಬಾಲ್ಟಿಮೋರ್ ನಗರದ ಅರ್ನೆಸ್ಟೀನ್ ಶೆಫರ್ಡ್ ಕತೆ ಸ್ವಲ್ಪ ಕೇಳಿ.

1936ರಲ್ಲಿ ಹುಟ್ಟಿದ ಇವರು 56 ವರ್ಷದವರೆಗೆ ವ್ಯಾಯಾಮದ ಗೋಜಿಗೇ ಹೋದವರಲ್ಲ. ಒಮ್ಮೆ ಅಕ್ಕ ಮಿಲ್‌ಡ್ರೆಡ್ ಜತೆ ಈಜುಡುಗೆ ಕೊಳ್ಳಲು ಹೋದರು. ಹಾಕಿಕೊಂಡು ನೋಡಿದ್ರೆ, ಒಬ್ಬರನ್ನು ನೋಡಿ ಇನ್ನೊಬ್ಬರಿಗೆ ನಗುವೋ ನಗು! ಆ ನಗುವೇ ನೆಪವಾಗಿ ಅಕ್ಕ-ತಂಗಿ ಇಬ್ಬರೂ ವ್ಯಾಯಾಮ ಶುರು ಮಾಡಿದರು. ಗಿನ್ನೆಸ್ ಪುಸ್ತಕದಲ್ಲಿ ಹೆಸರು ಬರಬೇಕು ಅಂತ ಕನಸನ್ನೂ ಕಂಡರು. ಅಷ್ಟರಲ್ಲಿ ಮಿದುಳಿನ ರಕ್ತನಾಳ ಊದಿ ಒಡೆದು ಅಕ್ಕ ತೀರಿಕೊಂಡರು.

ತಂಗಿ ಕುಸಿದು ಹೋದರು. ಬಿಪಿ ಏರಿತು, ಗಾಬರಿ ಶುರುವಾಯಿತು, ವ್ಯಾಯಾಮ ನಿಂತೇಹೋಯಿತು. ಕೆಲವು ತಿಂಗಳು ಕಳೆದ ಮೇಲೆ, ಇಬ್ಬರೂ ಸೇರಿ ಕಂಡ ಕನಸನ್ನು ತಾನೊಬ್ಬಳೇ ಆದರೂ ಮುಗಿಸಬೇಕು ಎಂದು ಮತ್ತೆ ಜಿಮ್ ಮೆಟ್ಟಿಲು ಹತ್ತಿದರು. 71ನೇ ವಯಸ್ಸಿಗೆ ಮಾಜಿ ಮಿಸ್ಟರ್ ಯೂನಿವರ್ಸ್ ಒಬ್ಬರ ಕೈಯಲ್ಲಿ ಪಳಗಿ ದೇಹದಾರ್ಢ್ಯ ಸ್ಪರ್ಧೆಯ ವೇದಿಕೆ ಏರಿದರು. 2010ರಲ್ಲಿ ಸ್ಪರ್ಧೆಯಲ್ಲಿರುವ ಅತ್ಯಂತ ಹಿರಿಯ ಮಹಿಳಾ ದೇಹದಾರ್ಢ್ಯ ಪಟು ಎಂದು ಗಿನ್ನೆಸ್ ದಾಖಲೆ ಸೇರಿದರು. ಎಂಬತ್ತರ ಹೊತ್ತಿಗೂ ಅವರ ದಿನ ಶುರುವಾಗುತ್ತಿದ್ದುದು ನಸುಕಿನಲ್ಲೇ. ಧ್ಯಾನ, ಓಟ, ಭಾರ ಎತ್ತುವುದು, ಊಟಕ್ಕೆ ಮೊಟ್ಟೆಯ ಬಿಳಿಭಾಗ, ಕೋಳಿ, ಕಂದು ಅಕ್ಕಿಯ ಅನ್ನ, ಇದೇ ಅವರ ದಿನಚರಿ.

ನೋಡಿ, ಆಕೆ ಪದಕದ ಆಸೆಗೆ ಎದ್ದು ಕೂತವರಲ್ಲ, ಅಕ್ಕನಿಗೆ ಕೊಟ್ಟ ಮಾತಿಗಾಗಿ ಎದ್ದವರು. ದುಃಖ ಹೋಗಲಿಲ್ಲ. ಆದರೆ ದುಃಖಕ್ಕೆ ದಿನಾ ಮಾಡುವ ಒಂದು ಕೆಲಸ ಸಿಕ್ಕಿತು. ನಮ್ಮಲ್ಲಿ ಎಷ್ಟು ಜನ ಆಪ್ತರನ್ನು ಕಳೆದುಕೊಂಡ ಮೇಲೆ ‘ಇನ್ನು ನನಗೇನಿದೆ’ ಅಂತ ಮೂಲೆ ಹಿಡಿದಿಲ್ಲ, ಹೇಳಿ?

‘ಅಯ್ಯೋ, ಹೆಣ್ಣು ಗಂಡಿನ ಥರ ಕಾಣ್ತಾಳಲ್ರೀ’ ಅನ್ನೋರಿಗೆ ನನ್ನದೊಂದು ಪ್ರಶ್ನೆ. ಸೊಂಟದ ಮೇಲೊಂದು, ಕೈಯಲ್ಲೊಂದು ಕೊಡ ನೀರು ಹೊತ್ತು ತರುವಾಗ, ಗ್ಯಾಸ್ ಸಿಲಿಂಡರ್ ಎಳೆದು ಜೋಡಿಸುವಾಗ, ಕಾಯಿಲೆಯ ಅತ್ತೆಯನ್ನು ಎತ್ತಿ ಕೂರಿಸುವಾಗ ನಮ್ಮ ತೋಳು ಯಾರಿಗೂ ಗಂಡಸಿನ ತೋಳಿನ ಹಾಗೆ ಕಾಣಲ್ವಲ್ಲ? ಮನೆಗೆ ದುಡಿಯುವ ಶಕ್ತಿ ಬೇಕು, ನಮಗಾಗಿ ಬೆಳೆಸಿಕೊಂಡ ಶಕ್ತಿ ಮಾತ್ರ ಬೇಡ. ಇದ್ಯಾವ ನ್ಯಾಯ?

ನಿಜ ಹೇಳಬೇಕೆಂದರೆ, ಹೆಣ್ಣಿನ ದೇಹದಲ್ಲಿ ಟೆಸ್ಟೋಸ್ಟೆರಾನ್ ಹಾರ್ಮೋನು ಗಂಡಿಗಿಂತ ಬಹಳ ಕಡಿಮೆ. ನಾಲ್ಕು ದಿನ ಡಂಬೆಲ್ ಎತ್ತಿದರೆ ತೋಳು ಉಬ್ಬಿಬಿಡುವುದಿಲ್ಲ. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಇಳಿದು ಮೂಳೆ ಬೇಗ ಸವೆಯುತ್ತದೆ, ವಯಸ್ಸಾದಂತೆ ಸ್ನಾಯುವೂ ಕರಗುತ್ತದೆ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಅಜ್ಜಿಯರು ಯಾವ ಬೀದಿಯಲ್ಲಿಲ್ಲ? ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಹೇಳಿದೆ.

ಹಾಗಂತ ಎಲ್ಲರೂ ಸ್ಪರ್ಧೆಗೆ ಇಳಿಯಿರಿ ಅಂತ ಖಂಡಿತ ಹೇಳ್ತಿಲ್ಲ. ಆ ಲೋಕದಲ್ಲಿ ಸ್ಟೆರಾಯ್ಡ್ ಕಾಟ ಇದೆ. ಅದರಿಂದ ಹೆಣ್ಣಿನ ದನಿ ಒಡೆಯಬಹುದು, ಮುಟ್ಟು ಏರುಪೇರಾಗಬಹುದು. ಸ್ನಾಯು ಎದ್ದು ಕಾಣಲೆಂದು ಸ್ಪರ್ಧೆಗೆ ಮುಂಚೆ ನೀರು ಬಿಡುವವರೂ ಇದ್ದಾರೆ. ಅದೂ ಅಪಾಯವೇ. ಆ ದಾರಿ ನಮಗೆ ಬೇಡ.

ನಮಗೆ ಬೇಕಾದ್ದು ಇಷ್ಟೇ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂತು ನೋಡಿ. ಲೀಟರ್ ನೀರಿನ ಬಾಟಲಿಯನ್ನೇ ಡಂಬೆಲ್ ಮಾಡಿಕೊಳ್ಳಿ. ಎಲ್ಲರಿಗೂ ಬಡಿಸಿ ಉಳಿದಿದ್ದನ್ನು ತಿನ್ನುವ ಬದಲು ನಿಮ್ಮ ತಟ್ಟೆಗೂ ಕಾಳುಪಲ್ಯ, ಮೊಸರು, ಮೊಟ್ಟೆ ಬೀಳಲಿ. ಬಿಪಿ, ಶುಗರ್, ಮಂಡಿನೋವು ಇದ್ದರೆ ಮೊದಲು ಡಾಕ್ಟರ ಹತ್ತಿರ ಕೇಳಿ.

ಒಬ್ಬರೇ ಮಾಡಲು ಬೇಜಾರಾ? ಆ ಅಕ್ಕ-ತಂಗಿಯೂ ಜತೆಗೇ ಶುರು ಮಾಡಿದ್ದು. ಇವತ್ತು ಸಂಜೆ ಧಾರಾವಾಹಿ ಶುರುವಾಗುವ ಮುಂಚೆ ನಿಮ್ಮ ಅಕ್ಕನಿಗೋ, ಪಕ್ಕದ್ಮನೆ ಗೆಳತಿಗೋ ಒಂದು ಫೋನ್ ಮಾಡಿ, ‘ನಾಳೆಯಿಂದ ಬರ್ತೀಯಾ?’ ಅಂತ ಕೇಳಿ. ಏನಂತೀರಿ?