ಗಾಂಧಿನಗರದ ಗಲ್ಲಿಯಿಂದ: ಕಪಾಲಿ ಎಲ್ಲೈತ್ರೀ?

ಚಿತ್ರರಸಿಕ ಮಿತ್ರರೇ, ಈ ವಾರ ತಾರೆಯರ ಸುದ್ದಿಗೆ ರಜ. ನನ್ನ ಮಾನ ಹೋದ ಕಥೆ ಹೇಳುತ್ತೇನೆ. ಓದಿ ನಕ್ಕುಬಿಡಿ. ಮದುವೆಯಾಗದವರು ಮಾತ್ರ ಒಂದಿಷ್ಟು ಪಾಠವನ್ನೂ ಕಲಿಯಿರಿ!

2022ರ ಡಿಸೆಂಬರ್. ನಮ್ಮ ಮದುವೆಯಾಗಿ ಏಳು ತಿಂಗಳು. ನನ್ನಾಕೆ ದಾವಣಗೆರೆ ಕಡೆಯ ಹಳ್ಳಿಯವಳು, ಬೆಂಗಳೂರು ಕಂಡವಳಲ್ಲ. ಹೆಣ್ಣು ನೋಡಲು ಹೋದ ದಿನವೇ ನಾನು ಬಡಾಯಿ ಕೊಚ್ಚಿದ್ದೆ: "ಗಾಂಧಿನಗರದಲ್ಲಿ ನನ್ನ ಗುರುತಿಲ್ಲದವರಿಲ್ಲ. ಟಿಕೆಟ್‌ಗೆ ಕ್ಯೂ ನಿಂತು ಅಭ್ಯಾಸವೇ ಇಲ್ಲ." ಬರೆದ ಲೇಖನಕ್ಕೆ ಇಷ್ಟು ಅಂತ ಎಣಿಸಿಕೊಳ್ಳುವ ನನ್ನಂಥವನ ಬಾಯಲ್ಲಿ ಈ ಮಾತು!

ಕ್ರಿಸ್‌ಮಸ್ ರಜೆಗೆ ಊರು ತೋರಿಸುತ್ತೇನೆಂದು ಹೊರಟಾಗ ಅವಳ ಅಜ್ಜಿ ಬಾಗಿಲಿಗೆ ಬಂದರು. "ಮದುವಿ ಹೊಸದರಾಗ ನಿಮ್ಮಜ್ಜ ನನ್ನ ಕಪಾಲಿ ಟಾಕೀಸಿಗೆ ಕರಕೊಂಡು ಹೋಗಿದ್ದನವ್ವ. ಪರದೆ ನಮ್ಮ ಕಣಕ್ಕಿಂತ ದೊಡ್ಡದಿತ್ತು. ಹೆಂಗೈತೆ ನೋಡ್ಕಂಡು ಬಾ" ಎಂದರು. ನನಗೆ ವಿಷಯ ಗೊತ್ತಿತ್ತು. ಹೇಳಬೇಕಿತ್ತು. ಹೇಳಲಿಲ್ಲ.

24ರ ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದೆವು. ಲಾಲ್‌ಬಾಗಿನ ಬಂಡೆ ಹತ್ತಿದೆವು, 1889ರ ಗಾಜಿನ ಮನೆ ನೋಡಿದೆವು. ಸಂಜೆ ಮೆಟ್ರೋ ಹಿಡಿದು ಎಂ.ಜಿ. ರಸ್ತೆ. ಬ್ರಿಗೇಡ್ ರಸ್ತೆಯಲ್ಲಿ ತಲೆಯ ಮೇಲೆ ದೀಪದ ಚಪ್ಪರ, ಕೆಳಗೆ ಜನಸಾಗರ, ಎಲ್ಲರ ತಲೆಗೂ ಕೆಂಪು ಟೋಪಿ. ಸೇಂಟ್ ಮಾರ್ಕ್ಸ್ ಚರ್ಚಿನ ಎದುರು ಅವಳು ಕಣ್ಣರಳಿಸಿ ನಿಂತಳು. "ದುಗ್ಗಮ್ಮನ ಜಾತ್ರಿ ನೆನಪಾಗ್ತೈತ್ರೀ" ಎಂದಳು. ಒಂದು ತುಂಡು ಪ್ಲಮ್ ಕೇಕ್ ಕೊಂಡು ಇಬ್ಬರೂ ಹಂಚಿಕೊಂಡೆವು.

ನಾನು ಗೈಡ್ ಗತ್ತಿನಲ್ಲಿ ಶುರುಮಾಡಿದೆ. "ಇಲ್ಲೇ ರೆಕ್ಸ್ ಇತ್ತು, 2018ರ ಕೊನೆಗೆ ಮುಚ್ಚಿತು. ಅಲ್ಲಿ ಪ್ಲಾಜಾ ಇತ್ತು. ಎಂಥೆಂಥ ಇಂಗ್ಲಿಷ್ ಚಿತ್ರ ಬರುತ್ತಿತ್ತು ಗೊತ್ತಾ..."

"ಬರೀ ಇತ್ತು ಇತ್ತು ಅಂತೀರಲ್ಲ, ಇರೋದು ಏನೈತೋ ಅದನ್ನ ತೋರಿಸ್ರೀ!"

ಮಾತು ಎಲ್ಲಿ ನಾಟಬೇಕೋ ಅಲ್ಲೇ ನಾಟಿತು.

ಮರುದಿನ ಭಾನುವಾರ, ಕ್ರಿಸ್‌ಮಸ್. ಶಿವಣ್ಣನ 125ನೇ ಚಿತ್ರ 'ವೇದ' ತೆರೆಕಂಡು ಮೂರನೇ ದಿನ. ಗಾಂಧಿನಗರಕ್ಕೆ ಆಟೋ ಹಿಡಿದೆವು. ಡ್ರೈವರ್ ಎದುರಿಗೆ ಶಂಕರ್‌ನಾಗ್ ಫೋಟೋ. 1980ರ 'ಆಟೋರಾಜ' ಬಂದಂದಿನಿಂದ ಆಟೋದವರಿಗೆ ಆತ ಮನೆದೇವರು ತಾನೇ! ನನ್ನಾಕೆ, "ನಮ್ಮೂರು ಆನಗೋಡಿನ ಹತ್ರಾನೇ ಅಣ್ಣಾ. 1990ರಾಗ ಅವರು ತೀರ್ಕೊಂಡಿದ್ದು ಅಲ್ಲೇ" ಎಂದಳು. ಆತ ಫೋಟೋ ಮುಟ್ಟಿ ಕಣ್ಣಿಗೊತ್ತಿಕೊಂಡ. ಆ ಸಲಿಗೆಯಲ್ಲೇ ಇವಳು ಕೇಳಿಬಿಟ್ಟಳು: "ಕಪಾಲಿ ಎಲ್ಲೈತೆ ಅಣ್ಣಾ?"

"ಕಪಾಲಿನಾ? ಅದನ್ನ ಕೆಡವಿ ಎಷ್ಟೋ ವರ್ಷ ಆಯ್ತಲ್ಲಾ ತಂಗಿ! ನಿಮ್ಮ ಯಜಮಾನ್ರು ಹೇಳಲಿಲ್ವಾ?"

ಯಜಮಾನ್ರು ರಸ್ತೆ ನೋಡುತ್ತಿದ್ದರು.

ಸುಬೇದಾರ್ ಛತ್ರಂ ರಸ್ತೆಯಲ್ಲಿ ಇಳಿದೆವು. ಕೆಲಸ ನಡೆದಿದ್ದ ಜಾಗ, ಸುತ್ತ ಬೇಲಿ. 1968ರಲ್ಲಿ ಶುರುವಾದದ್ದು, 1,400ಕ್ಕೂ ಹೆಚ್ಚು ಸೀಟಿನ ಸಾಮ್ರಾಜ್ಯ, 2017ರಲ್ಲಿ ಬಾಗಿಲು ಹಾಕಿತು ಅಂತ ಎಲ್ಲ ಒದರಿದೆ. ಅವಳು ಸುಮ್ಮನೆ ಕೇಳಿದಳು. "ಗೊತ್ತಿದ್ದೂ ಯಾಕ್ರೀ ಹೇಳಲಿಲ್ಲ? ಅಜ್ಜಿಗೆ ಏನಂತ ಹೇಳ್ಲಿ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಚಿತ್ರಮಂದಿರದ ಮುಂದೆ ಹೋದರೆ ಹನುಮಂತನ ಬಾಲದಂಥ ಕ್ಯೂ. ಗೇಟಿನವನಿಗೆ ಹೆಸರು ಹೇಳಿದೆ, ಪತ್ರಿಕೆಯ ಹೆಸರೂ ಹೇಳಿದೆ. "ಲೈನ್‌ಗೆ ಬನ್ನಿ ಸಾರ್" ಎಂದ ಪುಣ್ಯಾತ್ಮ. ಹಿಂದೆ ತಿರುಗಿದರೆ ನನ್ನಾಕೆ ಆಗಲೇ ಕ್ಯೂನಲ್ಲಿ ನಿಂತಿದ್ದಾಳೆ! ಮುಕ್ಕಾಲು ಗಂಟೆಯಾದ ಮೇಲೆ ಎರಡು ಟಿಕೆಟ್ ಹಿಡಿದು ಬಂದು, "ನಿಮಗೆ ಅಭ್ಯಾಸ ಇಲ್ಲಲ್ಲ, ಅದಕ್ಕೆ ನಾನೇ ನಿಂತೆ" ಎಂದು ನಕ್ಕಳು. ಆ ನಗುವಿನಿಂದ ನನ್ನ ಹೋದ ಜೀವ ಬಂತು. ಶಿವಣ್ಣ ತೆರೆಗೆ ಬಂದಾಗ ಶಿಳ್ಳೆ ಹೊಡೆದವರಲ್ಲಿ ನಾನೇ ಮೊದಲಿಗನೋ ಏನೋ!

ಸಂಜೆ ವಿಧಾನಸೌಧಕ್ಕೆ ದೀಪ ಹತ್ತಿತ್ತು. ಅದರ ಎದುರು ನಿಂತು ಅಜ್ಜಿಗೆ ಫೋನ್ ಮಾಡಿದಳು. "ಐತೆ ಅಂತ ಹೇಳಿಬಿಡು, ಮುದುಕಿ ನೊಂದುಕೊಳ್ಳೋದು ಬೇಡ" ಎಂದೆ. ಅವಳು ಬೇಡವೆಂದು ತಲೆಯಾಡಿಸಿದಳು. "ಅಜ್ಜೀ, ಕಪಾಲಿ ಇಲ್ಲ. ಕೆಡವಿಬಿಟ್ಟಾರೆ" ಎಂದಳು.

ಆ ಕಡೆ ಒಂದು ಗಳಿಗೆ ಸದ್ದಿಲ್ಲ. ಆಮೇಲೆ ಅಜ್ಜಿ ನಕ್ಕದ್ದು ನನಗೂ ಕೇಳಿಸಿತು.

"ಹೋದ್ರೆ ಹೋಗ್ಲಿ ಬಿಡವ್ವ. ಯಾವ ಸಿನಿಮಾ ಅಂತ ನನಗೂ ನೆನಪಿಲ್ಲ. ಮನಿ ತುಂಬ ಜನ, ಹಗಲೊತ್ತು ನಿಮ್ಮಜ್ಜ ನನ್ನ ಮುಖ ನೋಡಿ ಮಾತಾಡಿದೋನಲ್ಲ. ಅವತ್ತು ಆ ಕತ್ತಲಾಗ ಕೈ ಹಿಡಕಂಡಿದ್ದ. ಅಷ್ಟೇ ನೆನಪು."

ಮಿತ್ರರೇ, ಕಪಾಲಿಯ ಸೀಟೆಷ್ಟು, ಇಸವಿ ಯಾವುದು ಎಲ್ಲ ನನಗೆ ಬಾಯಿಪಾಠ. ಈ ಲೆಕ್ಕ ಮಾತ್ರ ಗೊತ್ತಿರಲಿಲ್ಲ.

ರಾತ್ರಿ ಬಸ್ಸಿನಲ್ಲಿ ದೀಪ ಆರಿದ ಮೇಲೆ ನಾನು ಏನು ಮಾಡಿದೆ ಅಂತ ಕೇಳಬೇಡಿ. ಮುಂದಿನ ವಾರ ಮತ್ತೆ ತಾರೆಯರ ಸುದ್ದಿಯೊಂದಿಗೆ ಸಿಗೋಣ!